ಹತ್ತನೆಯ ಹೋಳು

ವಾರಕ್ಕೊಮ್ಮೆ, ಶುಕ್ರವಾರ ಸಂಜೆ, ನಾನು ಒಂದು ಲೋಟ ವೋಡ್ಕಾ ಕುಡಿಯುತ್ತೇನೆ. ಐವತ್ತು ದಾಟಿದ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಹೆಂಗಸು ಇದನ್ನು ಬರೆದು ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಗಂಡನಿಗೆ ಗೊತ್ತು, ಬಾಟಲಿ ತಂದುಕೊಡುವವರು ಅವರೇ, ತಾವು ಕುಡಿಯುವುದು ಮಾತ್ರ ಕಾಫಿ. ಅತ್ತೆಗೆ ಗೊತ್ತಾಗಬಾರದೆಂದು ಒದ್ದಾಡುತ್ತಿದ್ದೆ. ಮದುವೆಯಾಗಿ ಚಂದ್ರಾ ಲೇಔಟಿನ ಈ ಮನೆಗೆ ಬಂದಾಗ ನನಗೆ ಅನ್ನ ಬಸಿಯುವುದಕ್ಕೂ ಬರುತ್ತಿರಲಿಲ್ಲ. ಅದನ್ನು ಒಂದು ದಿನವೂ ಆಡಿಕೊಳ್ಳದವರು ಅತ್ತೆ. ಅಂಥವರ ಕಣ್ಣಲ್ಲಿ ಸಣ್ಣವಳಾಗುವುದು ನನಗೆ ಬೇಡವಾಗಿತ್ತು.

ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ಉದ್ದನೆಯ ಲೋಟಕ್ಕೆ ಐಸು ತುಂಬಿ ಒಂದು ಅಳತೆ ವೋಡ್ಕಾ, ಒಂದಿಷ್ಟು ನಿಂಬೆರಸ, ಚಿಟಿಕೆ ಉಪ್ಪು. ಮೇಲೆ ತಣ್ಣನೆಯ ಸೋಡಾವನ್ನು ಲೋಟದ ಅಂಚಿನಿಂದ ನಿಧಾನವಾಗಿ ಇಳಿಸಬೇಕು. ಒಂದೇ ಸಲ ಕಲಕಿದರೆ ಸಾಕು, ಮಜ್ಜಿಗೆಯಂತೆ ಕಡೆದರೆ ಗುಳ್ಳೆಯೆಲ್ಲ ಹೋಗುತ್ತದೆ. ಕೊನೆಗೊಂದು ನಿಂಬೆಯ ಬಿಲ್ಲೆ. ನೋಡುವವರಿಗೆ ಶರಬತ್ತು.

ನಿಂಬೆಹಣ್ಣಿಗೆ ನಮ್ಮಲ್ಲಿ ಬರವಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ರಾಹುಕಾಲದಲ್ಲಿ ಅತ್ತೆ ಅಮ್ಮನವರ ಗುಡಿಯಲ್ಲಿ ಒಂಬತ್ತು ನಿಂಬೆ ದೀಪ ಹಚ್ಚುತ್ತಾರೆ. ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ತಿರುಗಿಸಿದರೆ ಹಣತೆ. ಅವರ ಬೆರಳು ಈಗ ಸರಿಯಾಗಿ ಮಡಚುವುದಿಲ್ಲ, ಹಾಗಾಗಿ ಸ್ಕೂಲಿಗೆ ಹೊರಡುವ ಮುಂಚೆ ಅದು ನನ್ನ ಕೆಲಸ. ಐದು ಹಣ್ಣಿಗೆ ಹತ್ತು ಹೋಳು. ಒಂಬತ್ತು ದೇವಿಗೆ, ಹತ್ತನೆಯದು ನನ್ನ ಲೋಟಕ್ಕೆ. ಹಿಂಡಿದ ರಸವೂ ನನ್ನದೇ. ಆ ರಾಹುವಾದರೂ ಯಾರು? ದೇವತೆಗಳ ಪಂಕ್ತಿಯಲ್ಲಿ ವೇಷ ಮರೆಸಿ ಕೂತು, ಅಮೃತ ಕುಡಿದು, ಪಕ್ಕದವರ ಚಾಡಿಯಿಂದ ಸಿಕ್ಕಿಬಿದ್ದು ಕುತ್ತಿಗೆ ಕಳೆದುಕೊಂಡವನು. ಕದ್ದು ಕುಡಿಯುವವರ ಕುಲಗುರು. ನಿಂಬೆ ಹಿಂಡುವಾಗ ಅವನ ನೆನಪಾಗಿ ನಾನೂ ಒಮ್ಮೊಮ್ಮೆ ಕತ್ತು ಸವರಿಕೊಳ್ಳುತ್ತಿದ್ದೆ.

ನಾನು ಸಿಕ್ಕಿಬಿದ್ದದ್ದು ಹೋದ ತಿಂಗಳು. ಹೊತ್ತಾಯಿತೆಂಬ ಆತುರದಲ್ಲಿ ಹತ್ತನೆಯ ಹೋಳನ್ನು ಮೊದಲೇ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಡಬ್ಬಿಗೆ ಹಾಕಿಬಿಟ್ಟಿದ್ದೆ. ಆಮೇಲೆ ತಿರುಗಿಸುವಾಗ ಒಂದು ಸಿಪ್ಪೆ ಪರ್ರನೆ ಹರಿಯಿತು. ತಟ್ಟೆಯಲ್ಲಿ ಎಂಟೇ ಹಣತೆ.

ಅತ್ತೆ ಬಂದು ನೋಡಿ, "ಇನ್ನೊಂದು ಹೋಳಿರ್ಬೇಕಲ್ಲಾ?" ಎಂದರು.

ವರ್ಷಗಟ್ಟಲೆ ಮಕ್ಕಳಿಗೆ ಭಾಗಾಕಾರ ಕಲಿಸಿದವಳಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. "ನಾನೇ ತಗೊಂಡೆ ಅತ್ತೆ, ಸಂಜೆ ಕುಡಿಯೋಕೆ. ಅದು ಬರೀ ಶರಬತ್ತಲ್ಲ," ಎಂದೆ.

ಅವರು ಫ್ರಿಜ್ಜಿನ ತರಕಾರಿ ಟ್ರೇ ಎಳೆದು ಇನ್ನೊಂದು ನಿಂಬೆಹಣ್ಣು ತೆಗೆದರು. "ಗೊತ್ತು ಕಣೇ. ಶರಬತ್ತು ಕುಡಿದ ಲೋಟನ ಯಾರು ಮೂರು ಸಲ ತೊಳೀತಾರೆ? ದೇವ್ರ ಹಣ್ಣಲ್ಲಿ ಯಾಕೆ ತಗೋತೀಯಾ ಅಂತ ಯುಗಾದಿಯಿಂದ ಆರು ತರ್ತಾ ಇದೀನಿ. ಒಂದು ನಿಂಗೆ ಅಂತ ಇಲ್ಲಿಡ್ತೀನಿ. ಲೆಕ್ಕದ ಟೀಚರ್ರು ಎಣಿಸೋದೇ ಇಲ್ಲ, ಕೊನೆಗೆ ಚಿತ್ರಾನ್ನಕ್ಕೆ ಹೋಗುತ್ತೆ."

ನಾಚಿಕೆಯೂ ನೆಮ್ಮದಿಯೂ ಒಟ್ಟಿಗೆ ಬಂದು ಕಣ್ಣು ತುಂಬಿತು. ಆ ಹಣ್ಣಿನ ಅರ್ಧ ಒಂಬತ್ತನೆಯ ದೀಪವಾಯಿತು.

ಆ ಸಂಜೆ ಮೊದಲ ಸಲ ಲೋಟ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದೆ, ವರಾಂಡದಲ್ಲಿ ಅತ್ತೆಯ ಪಕ್ಕ ಕೂತೆ. ಅವರಿಗೆ ಸಕ್ಕರೆ, ಏಲಕ್ಕಿ ಹಾಕಿದ ಶರಬತ್ತು, ನನಗೆ ನನ್ನದು. ಎರಡರಲ್ಲೂ ಒಂದೊಂದು ಬಿಲ್ಲೆ. ಅತ್ತೆ ನನ್ನ ಲೋಟದಲ್ಲಿ ಏಳುತ್ತಿದ್ದ ಗುಳ್ಳೆಗಳನ್ನು ನೋಡಿ, "ನಿಧಾನಕ್ಕೆ ಕುಡಿ. ಇಬ್ರೂ ಒಟ್ಟಿಗೆ ಮುಗಿಸೋಣ," ಎಂದರು.

ಅಮೃತದ ಪಂಕ್ತಿಯಲ್ಲಿ ಪಕ್ಕದಲ್ಲಿ ಇಂಥ ಒಬ್ಬ ಅತ್ತೆ ಕೂತಿದ್ದರೆ ಪಾಪ, ರಾಹುವಿನ ಕುತ್ತಿಗೆಯೂ ಉಳಿಯುತ್ತಿತ್ತು.