ಕಣ್ಣಿನವರು, ಕಿವಿಯವರು, ಕೈಯವರು

ನೀರುದೋಸೆ ಹುಯ್ಯಲು ಕಲಿಸುವ ಮೊದಲು ನಾನು ಕಣ್ಣಿನಿಂದ ಕಲಿಯುವವಳೋ ಕಿವಿಯಿಂದ ಕಲಿಯುವವಳೋ ಎಂದು ಅಮ್ಮ ಪರೀಕ್ಷಿಸಿರಲಿಲ್ಲ. ಎದುರಿಗೆ ಕಾದ ಕಾವಲಿ, ಕೈಯಲ್ಲಿ ಹಿಟ್ಟು, ಬೆನ್ನ ಹಿಂದೆ ಬೈಗುಳ. ಹೀಗೆ ನನ್ನ ಪಂಚೇಂದ್ರಿಯಗಳೂ ಜಗಳವಿಲ್ಲದೆ ಒಂದೇ ತರಗತಿಯಲ್ಲಿ ಕುಳಿತು ಪಾಸಾದವು. ಅದು ಅಜ್ಞಾನದ ಕಾಲ, ಮಿತ್ರರೇ. ಈಗ ಜ್ಞಾನ ಬಂದಿದೆ, ಅದೂ ರಜಾದಿನದ ತರಬೇತಿಯ ರೂಪದಲ್ಲಿ.

ಕೇರಳದ ಗಡಿಯೊಳಗೆ, ಕುಂಜತ್ತೂರಿನ ಕಡೆಯ ಒಂದು ಶಾಲೆಯಲ್ಲಿ ನಾನು ಕನ್ನಡ ಟೀಚರು. ಕಳೆದ ವರ್ಷ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಲು ರಾಜ್ಯದ ದಕ್ಷಿಣದ ಜಿಲ್ಲೆಯೊಂದರಿಂದ ಸುಧೀರನ್ ಎಂಬ ತರುಣ ಬಂದರು. ಸಜ್ಜನ, ಶ್ರಮಜೀವಿ, ಕನ್ನಡದ ಒಂದಕ್ಷರವೂ ಬಾರದವರು. ಈ ಮೂರನೆಯ ಅರ್ಹತೆ ನೇಮಿಸಿದವರ ಕಣ್ಣಿಗೆ ಬಿದ್ದಿರಲಿಲ್ಲ. ಕಾಸರಗೋಡಿನ ತರಬೇತಿಗೆ ಇಬ್ಬರೂ ಹೋದೆವು. ಅಲ್ಲಿಯ ಪಂಡಿತರೊಬ್ಬರು ಮನುಕುಲವನ್ನು ಕಣ್ಣಿನವರು, ಕಿವಿಯವರು, ಕೈಯವರು ಎಂದು ಮೂರು ಪಾಲು ಮಾಡಿ, ಎಲ್ಲರಿಗೂ ಒಂದೇ ರೀತಿಯಲ್ಲಿ ಕಲಿಸಬಾರದೆಂಬುದನ್ನು ಸಂಜೆಯವರೆಗೆ ನಮಗೆಲ್ಲರಿಗೂ ಒಂದೇ ರೀತಿಯಲ್ಲಿ ಕಲಿಸಿದರು.

ನಾನು ತೂಕಡಿಸಿದೆ, ಸುಧೀರನ್ ನಂಬಿದರು. ವಾರವಿಡೀ ಮಕ್ಕಳನ್ನು ಗಮನಿಸಿ, ಸ್ಟಾಫ್ ರೂಮಿಗೆ ಓಡಿಬಂದು ಮಲಯಾಳದಲ್ಲಿ ಸಾರಿದರು: “ಟೀಚರೇ, ಇಡೀ ಕ್ಲಾಸೇ ಕಣ್ಣಿನವರು! ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ, ಬೋರ್ಡಿನಲ್ಲಿ ಬರೆದರೆ ಕೂಡಲೇ ಹಿಡಿಯುತ್ತಾರೆ.”

ಮಕ್ಕಳ ಬಾಯಿಂದಲೇ ಕೇಳೋಣವೆಂದು ನನ್ನನ್ನು ದುಭಾಷಿಯಾಗಿ ಕರೆದೊಯ್ದರು. ನೀವು ಕಣ್ಣಿನವರೋ ಕಿವಿಯವರೋ ಎಂದು ನಾನು ಕನ್ನಡದಲ್ಲಿ ಕೇಳಿದಾಗ ಎದ್ದು ನಿಂತವಳು ಲೀನಾ. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಪಾಠಕ್ಕೆ ಕನ್ನಡ. ಮಲಯಾಳ ಅವಳಿಗೆ ಬಸ್ಸಿನ ಟಿಕೆಟ್ ಕೇಳುವಷ್ಟು ಬರುತ್ತದೆ, ಬೀಜಗಣಿತ ಬಿಡಿಸುವಷ್ಟಲ್ಲ.

“ನಮ್ಮ ಕಿವಿಗೆ ಎಂತ ಆಗ್ಲಿಲ್ಲ ಟೀಚರ್. ಸಾರ್ ಹೇಳುದು ಎಂತಾಂತ ಗೊತ್ತಾಗುದಿಲ್ಲ. ಬೋರ್ಡಿನಲ್ಲಿ ಲೆಕ್ಕ ಉಂಟಲ್ಲ, ಅದು ನೋಡಿದ್ರೆ ಗೊತ್ತಾಗ್ತದೆ.”

ನಾನು ಅನುವಾದಿಸಿದೆ. ತರಗತಿ ನಕ್ಕಿತು, ಸುಧೀರನ್ ನಗಲಿಲ್ಲ. ಒಂದು ಇಡೀ ಸಿದ್ಧಾಂತ ಅವರ ಮುಖದಲ್ಲೇ ಕುಸಿಯುವುದನ್ನು ಕಂಡು ನನಗೂ ಪಾಪವೆನಿಸಿತು.

ಆದರೆ ಮನುಷ್ಯ ಗಟ್ಟಿ. ಮರುದಿನದಿಂದ ಬಿಡುವಿದ್ದಾಗಲೆಲ್ಲ ನನ್ನ ತರಗತಿಯ ಬೆಂಚಿಗೆ ಬಂದು ಕುಳಿತರು. ಅಕ್ಷರ ತಿದ್ದಿದರು, ತಪ್ಪು ಉಚ್ಚರಿಸಿ ಮಕ್ಕಳನ್ನು ನಗಿಸಿದರು, ಲೀನಾಳಿಂದ ಬೈಸಿಕೊಂಡರು. ಓಣಂ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಹರಕು ಕನ್ನಡದಲ್ಲಿ ಸಮೀಕರಣ ಬಿಡಿಸತೊಡಗಿದರು, ಮಕ್ಕಳು ಮೊದಲ ಸಲ ಕೈಯೆತ್ತಿ ಪ್ರಶ್ನೆ ಕೇಳಿದರು. ಕಣ್ಣಿನವರೆಂದೋ ಕಿವಿಯವರೆಂದೋ ಯಾರೂ ಉಳಿಯಲಿಲ್ಲ.

ಸಾರಿಗೆ ಕನ್ನಡ ಬಂತು. ಬೆನ್ನಿಗೇ ತಮ್ಮ ಊರಿಗೆ ವರ್ಗವೂ ಬಂತು. ಇಲಾಖೆಗೆ ಇಂಥ ಅಪಾಯಗಳ ವಾಸನೆ ಬೇಗ ಹತ್ತುತ್ತದೆ. “ಹೋಗಿ ಬರ್ತೇನೆ ಮಕ್ಕಳೇ” ಎಂದು ಒಂದೂ ತಪ್ಪಿಲ್ಲದೆ ಹೇಳಿ ಹೊರಟವರನ್ನು ಮಕ್ಕಳು ಗೇಟಿನವರೆಗೆ ಕಳುಹಿಸಿಬಂದರು.

ಈ ಜೂನಿನಲ್ಲಿ ಅವರ ಜಾಗಕ್ಕೆ ಹೊಸ ಟೀಚರು ಬಂದಿದ್ದಾರೆ. ಮಲಯಾಳ ಮಾತ್ರ ಬಲ್ಲವರು. ಪರಿಚಯಿಸಲು ನಾನೇ ಕರೆದೊಯ್ದೆ. ನಾನು ಬಾಯಿ ತೆರೆಯುವ ಮೊದಲೇ ಲೀನಾ ಎದ್ದು, ಹೊಸಬರನ್ನು ಬಹಳ ವಿನಯದಿಂದ ಕೇಳಿದಳು:

“ಟೀಚರ್, ನಿಮಗೆ ಕನ್ನಡ ಹೇಗೆ ಕಲಿಸಿದ್ರೆ ಬೇಗ ಬರ್ತದೆ? ಕಣ್ಣಿಗಾ, ಕಿವಿಗಾ?”

ಆಕೆ ಏನೂ ತಿಳಿಯದೆ ನನ್ನ ಮುಖವನ್ನೇ ನೋಡಿದರು.

“ಕಣ್ಣಿನವರು,” ಎಂದು ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು.