ಎಡಗಾಲಿನ ಚಪ್ಪಲಿ

ಹೊಸ ಚಪ್ಪಲಿಗೆ ಎಣ್ಣೆ ಹಚ್ಚಿ ಕಿಟಕಿಯ ಬಿಸಿಲಿಗೆ ಇಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೋಣೆಯ ತುಂಬ ಅದರ ವಾಸನೆ: ಜಾಲಿ ತೊಗಟೆಯಲ್ಲಿ ಹದಗೊಂಡ ತೊಗಲು, ಅದರ ಮೇಲೆ ಕುಸುಬಿ ಎಣ್ಣೆ. ನನ್ನ ಜೊತೆ ಕೋಣೆ ಹಂಚಿಕೊಂಡವಳು ಮೂಗು ಮುಚ್ಚಿಕೊಂಡು, ಇದನ್ನು ಹೊರಗಿಡಬಾರದೇ ಎಂದಳು. ಹೊರಗಿಟ್ಟೆ. ಆದರೂ ಪುಸ್ತಕದ ಅದೇ ಸಾಲನ್ನು ಮೂರು ಸಲ ಓದಿದೆ. ಅಥಣಿಯ ನಮ್ಮ ಮನೆಯ ಹಿತ್ತಿಲು, ಗೋಡೆಯಾಚೆಯ ಗಿಡ್ಡ ಹಂಚಿನ ಮನೆ, ಆ ಮನೆಯ ಮಾವಶಿ...

ಆಕೆಯ ನೆನಪು ಬಂದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ನಾಯಿಯ ಮೇಲೆ, ಅಪ್ಪನ ಮೇಲೆ, ಆಕೆಯ ಮೇಲೆಯೂ. ನನ್ನ ಮೇಲಿನ ಸಿಟ್ಟು ಕೊನೆಗೆ ಬರುತ್ತದೆ. ಬಂದರೆ ಬೇಗ ಹೋಗುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಏಳನೆಯ ಇಯತ್ತೆಯಲ್ಲಿದ್ದೆ, ಅಪ್ಪ ಅದೇ ಶಾಲೆಯಲ್ಲಿ ಮಾಸ್ತರರು. ಚಿಕ್ಕಮ್ಮನ ವಯಸ್ಸಿನವರನ್ನು ನಮ್ಮ ಕಡೆ ಮಾವಶಿ ಎನ್ನುತ್ತಾರೆ. ಹಿತ್ತಿಲಾಚೆಯ ಹೆಂಗಸನ್ನು ನಾನು ಹಾಗೆಯೇ ಕರೆಯುತ್ತಿದ್ದೆ. ಚಪ್ಪಲಿ ಮಾಡುವ ಮನೆತನ. ಗಂಡ ತೀರಿಕೊಂಡಿದ್ದ, ಮಗ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದ. ಆ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ತಳದ ದಪ್ಪ ತೊಗಲು ಕತ್ತರಿಸುವುದು, ಕುಟ್ಟುವುದು, ಹೊಲಿಯುವುದು ಗಂಡಸರ ಪಾಲು. ಮೇಲಿನ ಸಣ್ಣ ಜಡೆ, ಅಂದರೆ ವೇಣಿ, ಹೆಣೆಯುವುದು ಹೆಂಗಸರ ಪಾಲು. ಗಂಡ ಹೋದ ಮೇಲೆ ಮಾವಶಿಗೆ ವೇಣಿ ಮಾತ್ರ ಉಳಿದಿತ್ತು.

ನಾನು ಅಲ್ಲಿಗೆ ಹೋಗಿ ಬಂದಾಗ ಅವ್ವ ಕೈಕಾಲು ತೊಳೆಸುತ್ತಿದ್ದಳು. ಯಾಕೆಂದು ಕೇಳಿದರೆ, ವಾಸನೆ, ಎನ್ನುತ್ತಿದ್ದಳು. ಅದು ಪೂರ್ತಿ ಉತ್ತರವಲ್ಲ ಎಂದು ಆಗಲೇ ಗೊತ್ತಿತ್ತು.

ಮೋತ್ಯಾ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ನಾನೇ ಹಟ ಮಾಡಿ ತಂದದ್ದು. ಮೂರನೆಯ ತಿಂಗಳಿಗೆ ಅದು ಕಡಿಯಲು ಶುರು ಮಾಡಿತು. ಕಸಬರಿಗೆ, ಕೌದಿಯ ಮೂಲೆ, ಲಟ್ಟಣಿಗೆ, ನನ್ನ ಭೂಗೋಳದ ಪುಸ್ತಕ. ಬೇವಿನ ಎಲೆ ಅರೆದು ಹಚ್ಚಿದೆ, ನೆಕ್ಕಿ ತೇಗಿತು. ಖಾರಪುಡಿ ಹಚ್ಚಿದೆ; ಸೀನಿ, ನೀರು ಕುಡಿದು, ಮತ್ತೆ ಬಂದು ಕಡಿಯಿತು. ಹೊಡೆದರೆ ಆಟವೆಂದುಕೊಂಡು ಬಾಲ ಅಲ್ಲಾಡಿಸುತ್ತಿತ್ತು. ಅಪ್ಪನ ಚಪ್ಪಲಿಯ ಅಂಗುಟ, ಹೆಬ್ಬೆರಳು ತೂರಿಸುವ ಪಟ್ಟಿ, ಹರಿದ ದಿನ ಅವರು ದನಿ ಏರಿಸಲಿಲ್ಲ, ಹಾಜರಿ ಕೂಗುವ ದನಿಯಲ್ಲೇ ಹೇಳಿದರು.

"ಇನ್ನೊಂದು ಸಾಮಾನು ಕಡೀತಂದ್ರ ಈ ನಾಯಿ ಮನ್ಯಾಗ ಇರಂಗಿಲ್ಲ. ತಿಳೀತಿಲ್ಲೋ?"

ನಾನು ಅಳುತ್ತ ಗೋಡೆಯ ಸಂದಿಯಿಂದ ಮಾವಶಿಯ ಅಂಗಳಕ್ಕೆ ಹೋದೆ. ಗೋಡೆ ಒಂದು ಕಡೆ ಕುಸಿದು, ಒಬ್ಬರು ನುಸುಳುವಷ್ಟು ದಾರಿಯಾಗಿತ್ತು. ನಾಯಿ ಬರದಂತೆ ಅದಕ್ಕೊಂದು ಚಪ್ಪಡಿ ಕಲ್ಲು ಒರಗಿಸುತ್ತಿದ್ದೆವು.

"ಹಲ್ಲು ಬರಾಕತ್ತಾವ ಅದಕ್ಕ. ಕಡ್ಯಾಕ ಏನಾರ ಬೇಕು," ಎಂದಳು ಮಾವಶಿ, ವೇಣಿಯಿಂದ ಕಣ್ಣೆತ್ತದೆ. "ನಿಮ್ಮಪ್ಪ ಶಾಣ್ಯಾ ಮಾಸ್ತರ, ಇಷ್ಟು ತಿಳೀವಲ್ದು. ತಗೋ."

ಮುಂದಿದ್ದ ರಾಶಿಯಿಂದ ತೊಗಲಿನ ತುಣುಕುಗಳನ್ನು ಬಾಚಿ ನನ್ನ ಲಂಗದ ಮಡಿಲಿಗೆ ಹಾಕಿದಳು. ಮೋತ್ಯಾ ಒಂದು ತುಣುಕನ್ನು ಹಿಡಿದು ಸಂಜೆಯವರೆಗೂ ಅಗಿಯಿತು. ಲಟ್ಟಣಿಗೆ, ಕೌದಿ, ಪುಸ್ತಕ ಯಾವುದನ್ನೂ ಮತ್ತೆ ಮೂಸಲಿಲ್ಲ. ನಮ್ಮ ಚಪ್ಪಲಿಗಳನ್ನು ಗೂಟಕ್ಕೆ ತೂಗುಹಾಕಿದ್ದೆವು, ಹಾಗಾಗಿ ಅವೂ ಉಳಿದವು. ಒಂದೂವರೆ ತಿಂಗಳು ದಿನಾಲು ತುಣುಕು ತಂದು ಹಾಕಿದೆ. ಉಪಾಯ ಫಲಿಸಿತೆಂದು ಅಪ್ಪನೂ ಒಪ್ಪಿಕೊಂಡರು. ತೊಗಲು ಊಟದಂತೆ ರುಚಿಯಾದದ್ದು ಎಂದು ನಾವೇ ಅದಕ್ಕೆ ಕಲಿಸುತ್ತಿದ್ದೇವೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನನಗಂತೂ ಹೊಳೆಯಬೇಕಿತ್ತು.

ಅದೇ ದಿನಗಳಲ್ಲಿ ಮಾವಶಿ ಒಂದು ಕೆಲಸಕ್ಕೆ ಕೈ ಹಾಕಿದ್ದಳು. ತೊಗಲು ಕೊಟ್ಟು ಮಾಲು ಒಯ್ಯುವ ವ್ಯಾಪಾರಿಯನ್ನು ಎಷ್ಟೋ ಸಲ ಕೇಳಿದ ಮೇಲೆ ಅವನು, ಒಂದು ಜೋಡಿ ಪೂರ್ತಿ ನೀನೇ ಮಾಡಿ ತೋರಿಸು, ಆಮೇಲೆ ನೋಡೋಣ, ಎಂದಿದ್ದ. ಒಪ್ಪಿದರೆ ಗಂಡಸರಿಗೆ ಕೊಡುವಂತೆ ಆಕೆಗೂ ಇಡೀ ಜೋಡಿಯ ಕೆಲಸ. ಅಷ್ಟಕ್ಕೇ ತೊಗಲು ಕೊಟ್ಟಿದ್ದ, ಒಂದು ಜೋಡಿಗೆ ಸಾಲುವಷ್ಟೇ, ಒಂದೇ ತೊಗಲಿನಿಂದ ಕತ್ತರಿಸಿದ್ದು. ಗಂಡನ ರಂಪಿಗೆಯನ್ನು ಮಸೆದು ಆಕೆ ತಳ ಕತ್ತರಿಸಿದಳು. ಕಲ್ಲಿನ ಮೇಲೆ ಕುಟ್ಟುವ ಸದ್ದು ಬೆಳಿಗ್ಗೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಓಣಿಯವರು ಕೇಳಿದರೆ, ಹಳೇ ಚಪ್ಪಲಿ ರಿಪೇರಿ, ಎನ್ನುತ್ತಿದ್ದಳು. ಆದೀತೋ ಇಲ್ಲವೋ ಎಂಬ ಅಂಜಿಕೆ.

ಸಂತೆಯ ಹಿಂದಿನ ದಿನ ಗೋಡೆಯಾಚೆಯಿಂದ ಕರೆದಳು. "ಲಗು ಬಾ ಬೇ. ಹೆಂಗ ಆಗೇತಿ ನೋಡ ಬಾ."

ಕಲ್ಲು ಸರಿಸಿ ಓಡಿದೆ. ಚಾಪೆಯ ಮೇಲೆ ಎರಡೂ ಪಕ್ಕಪಕ್ಕ ಇದ್ದವು. ಒಂದೇ ಒಂದು ಮೊಳೆಯಿಲ್ಲ, ತೊಗಲಿನ ದಾರದ ಹೊಲಿಗೆ, ಒಂದರ ಪಕ್ಕ ಒಂದು ಜೋಳದ ಕಾಳು ಇಟ್ಟಷ್ಟು ಸಮ. ತಳವನ್ನು ಬಾಗಿಸಿ ನೋಡಲು ಹೇಳಿದಳು. ಕಿರ್ ಎಂದಿತು. ನಾನು ಕಾಲು ತೂರಿಸಲು ಹೋದಾಗ ಮೊಣಕಾಲಿಗೆ ಒಂದು ಏಟು ಬಿತ್ತು.

"ಲೇ, ಗಿರಾಕಿ ಮಾಲ ಅದು! ಮಹಾರಾಣಿ, ಮದಲ ಕಾಲ ತೊಳಕೊಂಡ ಬಾ."

ಆಕೆ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ... ನಳ ಬಂದಿತೆಂದು ಓಣಿಯಲ್ಲಿ ಯಾರೋ ಕೂಗಿದರು. ಆಕೆ ಕೊಡ ಹಿಡಿದು ಹೋದಳು, ನಾನು ಸಂದಿಯಿಂದ ಮನೆಗೆ ಬಂದೆ. ಕಲ್ಲು ಒರಗಿಸಲಿಲ್ಲ. ಮರೆತೆನೋ, ಸೋಮಾರಿತನವೋ, ಈಗ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ.

ಅರ್ಧ ಗಂಟೆಯ ಮೇಲೆ ನಮ್ಮ ಹಿತ್ತಿಲ ಕರಿಬೇವಿನ ಗಿಡದ ಕೆಳಗೆ ಮೋತ್ಯಾ ಮಲಗಿತ್ತು. ಮುಂಗಾಲುಗಳ ನಡುವೆ ಏನನ್ನೋ ಒತ್ತಿ ಹಿಡಿದು, ಕಣ್ಣು ಅರೆ ಮುಚ್ಚಿ, ಅವಸರವಿಲ್ಲದೆ ಅಗಿಯುತ್ತಿತ್ತು. ಎಡಗಾಲಿನದು. ವೇಣಿ ಇರಲಿಲ್ಲ, ಹಿಮ್ಮಡಿಯ ಭಾಗ ಹಿಂಜಿದ ನಾರಿನಂತಾಗಿತ್ತು.

ನೀರು ತುಂಬಿಕೊಂಡು ಬಂದ ಮಾವಶಿ ಗೋಡೆಯ ಸಂದಿಯಲ್ಲಿ ನಿಂತು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಇಂದು ಇದನ್ನು ಬರೆಯುತ್ತಿರಲಿಲ್ಲವೇನೋ.

"ಅಳಬ್ಯಾಡ. ತುಣುಕ ಯಾವುದು, ಚಪ್ಪಲ ಯಾವುದು, ಅದಕ್ಕೇನ ಗೊತ್ತು? ನಾನs ಕೈಯಾರೆ ತಿನಿಸೀನಿ."

ಅಷ್ಟರಲ್ಲಿ ಅಪ್ಪ ಹಿತ್ತಿಲ ಬಾಗಿಲಿಗೆ ಬಂದರು. "ಏನಾತವ್ವಾ? ನಮ್ಮ ನಾಯಿ ಏನಾರ ಮಾಡೇತೇನು?"

ಆಕೆ ನನ್ನ ಮುಖ ನೋಡಿದಳು. ಚಪ್ಪಲಿಯನ್ನು ಸೆರಗಿನ ಕೆಳಗೆ ಸರಿಸಿದಳು. "ಇಲ್ರೀ ಮಾಸ್ತರ. ಇಲಿ. ನಮ್ಮನ್ಯಾಗ ಇಲಿ ಭಾಳ ಆಗ್ಯಾವ."

ನಾನು ಮೋತ್ಯಾನನ್ನು ಗಿಡದ ಹಿಂದಕ್ಕೆ ಎಳೆದುಕೊಂಡೆ.

ಮರುದಿನ ವ್ಯಾಪಾರಿ ಬಂದಾಗ ನಾನು ಗೋಡೆಯ ಈಚೆ ನಿಂತಿದ್ದೆ. ಅವನು ಬಲಗಾಲಿನದನ್ನು ಬಾಗಿಸಿ ನೋಡಿದ. ಕಿರ್ ಎಂದದ್ದು ನನಗೂ ಕೇಳಿಸಿತು. "ಯಾರ ಕಡೆ ಮಾಡಿಸಿದಿ ಇದನ್ನ?" ಎಂದ.

"ನಾನs ಮಾಡೀನ್ರಿ."

"ಹಂಗಾದ್ರ ಎಡಗಾಲಿಂದು ಎಲ್ಲೈತಿ?"

"ಇಲಿ ತಿಂದಾವ್ರಿ."

ನಾಯಿ ಹಲ್ಲಿನ ಗುರುತು ಕಂಡೀತೆಂದು ಹರಿದದ್ದನ್ನು ಆಕೆ ಹೊರಗೆ ತೆಗೆಯಲಿಲ್ಲ. ಅವನು ಜೋರಾಗಿ ನಕ್ಕ. "ಭಾಳ ಶಾಣ್ಯಾ ಇಲಿ ಅದಾವ ನಿನ್ನವು! ಒಂದs ಕಾಲಿಂದು ತಿಂದು ಇನ್ನೊಂದು ನನಗ ಇಟ್ಟಾವ. ಯಾರದೋ ಒಂಟಿ ಚಪ್ಪಲ ತಂದು ತೋರಸಾಕತ್ತಿ. ಬಿಡ, ವೇಣಿ ಛಲೋ ಹೆಣೀತಿ, ಅದನ್ನs ಹೆಣಿ."

ಗೋಡೆಯ ಸಂದಿ ನನ್ನಿಂದ ಐದು ಹೆಜ್ಜೆ ದೂರದಲ್ಲಿತ್ತು. ಎರಡನ್ನೂ ನೋಡೀನಿ, ನಮ್ಮ ನಾಯಿ ತಿಂದೈತಿ ಎಂದು ಮಾಸ್ತರರ ಮಗಳು ಹೇಳಿದ್ದರೆ ಅವನು ನಂಬುತ್ತಿದ್ದ. ಹೇಳಿದ್ದರೆ ಒಳಗಿದ್ದ ಅಪ್ಪನಿಗೂ ಕೇಳುತ್ತಿತ್ತು. ಇಷ್ಟೇ ಲೆಕ್ಕ ಹಾಕುತ್ತ ನಿಂತೆ. ಅವನ ಸೈಕಲ್ಲು ಓಣಿ ದಾಟಿತು.

ಒಂಬತ್ತು ದಿನ. ಅಷ್ಟು ದಿನ ಮಾತ್ರ ಆಕೆಯ ಸುಳ್ಳು ಮೋತ್ಯಾನನ್ನು ಕಾಪಾಡಿತು. ಹತ್ತನೆಯ ದಿನ ಅದು ಅಪ್ಪನ ತೊಗಲಿನ ಚೀಲದ ಪಟ್ಟಿ ತಿಂದಿತು. ನಮ್ಮ ತಾಲ್ಲೂಕಿನದೇ ಅನಂತಪುರದ ಕಡೆಯ ರೈತರೊಬ್ಬರು, ಅಪ್ಪನ ಪರಿಚಯದವರು, ದ್ರಾಕ್ಷಿ ತೋಟದ ಕಾವಲಿಗೆ ಎಂದು ಹಗ್ಗ ಕಟ್ಟಿ ಒಯ್ದರು. ಈ ಸುದ್ದಿ ಹೇಳಿದಾಗ ಮಾವಶಿ ವೇಣಿ ಹೆಣೆಯುತ್ತಿದ್ದಳು.

"ಸುಮ್ಮನ ಇಲಿ ಹೆಸರ ಕೆಡಿಸಿದೆ ನೋಡ," ಎಂದಳು.

ಮುಂದಿನ ವರ್ಷ ಅಪ್ಪನಿಗೆ ರಾಯಬಾಗಕ್ಕೆ ವರ್ಗವಾಯಿತು. ಆಮೇಲೆ ನನ್ನ ಕಾಲೇಜು, ಧಾರವಾಡ, ಎಂ.ಎ. ಒಮ್ಮೆ ಹೋಗಿ ಬರಬೇಕು ಎಂದು ಪ್ರತಿ ರಜೆಗೂ ಅಂದುಕೊಳ್ಳುತ್ತಿದ್ದೆ...

ಚಪ್ಪಲಿಯ ಆ ವಾಸನೆ ಬೆನ್ನು ಬಿಡದೆ, ಕಳೆದ ರವಿವಾರ ಅಥಣಿಗೆ ಹೋದೆ. ಗೋಡೆಯನ್ನು ಸಿಮೆಂಟಿನಲ್ಲಿ ಕಟ್ಟಿ ಮುಚ್ಚಿದ್ದಾರೆ. ಬಾಗಿಲು ತೆರೆದದ್ದು ಮಾವಶಿಯ ಸೊಸೆ. ನಾವು ಊರು ಬಿಟ್ಟ ಮೇಲೆ ಮದುವೆಯಾಗಿ ಬಂದವಳು. ಅತ್ತೆ ಹೋಗಿ ಮೂರು ವರ್ಷವಾಯಿತು ಎಂದಳು. ನಾನು ಹೊಸ್ತಿಲಲ್ಲೇ ಕುಳಿತು ಎಲ್ಲವನ್ನೂ ಹೇಳಿದೆ. ಆ ಜೋಡಿ, ನಾಯಿ, ನಾನು ಒರಗಿಸದ ಕಲ್ಲು, ಇಲಿಯ ಸುಳ್ಳು. ಆಕೆ ಮರ್ಯಾದೆಯಿಂದ ಕೇಳಿ ತಲೆಯಾಡಿಸಿದಳು.

"ಅಯ್ಯ, ಇಲ್ಲ ತಗೀರಿ ಅಕ್ಕಾರ. ನಮ್ಮತ್ತಿಗೆ ತಳದ ಕೆಲಸ ಎಲ್ಲಿ ಬರ್ತಿತ್ರಿ? ಸಾಯೂ ತನಕ ವೇಣಿ ಅಷ್ಟs ಹೆಣದಾರ."

"ನಾನು ಕಣ್ಣಾರೆ ನೋಡೀನಿ," ಎಂದೆ. ದನಿ ನಾನು ಬಯಸಿದ್ದಕ್ಕಿಂತ ಜೋರಾಯಿತು. "ಮಾವಶಿನs ಮಾಡಿದ್ರು. ಎರಡೂ."

"ಬ್ಯಾರೆ ಯಾರನ್ನೋ ನೆನಸಾಕತ್ತೀರಿ ನೋಡ್ರಿ," ಎಂದು ಸಮಾಧಾನ ಹೇಳುವಂತೆ ನಕ್ಕು, ಚಹಾಕ್ಕಿಡಲು ಒಳಗೆ ಹೋದಳು.