ಉಂಬರಬಂದರಿನ ಭಟ್ಟಿಯ ಹೊಗೆ

ಮೊನ್ನೆ ಐರೋಲಿಯಲ್ಲಿ ಠಾಣೆಗೆ ಹೋಗುವ ಲೋಕಲ್ ರೈಲು ಹತ್ತಿದರೆ ಲೇಡೀಸ್ ಡಬ್ಬಿಯ ತುಂಬ ಒಣಸಿಗಡಿಯ ವಾಸನೆ. ಬಾಗಿಲ ಪಕ್ಕದಲ್ಲಿ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಬುಟ್ಟಿಗೆ ನೀಲಿ ಪ್ಲಾಸ್ಟಿಕ್ ಹೊದೆಸಿದ್ದಳು ನಿಜ, ಆದರೆ ಆ ವಾಸನೆ ಪ್ಲಾಸ್ಟಿಕ್ಕಿಗೆಲ್ಲ ಹೆದರುವಂಥದ್ದಲ್ಲ. ಕೊರಳಿಗೆ ಆಫೀಸಿನ ಐಡಿ ನೇತುಹಾಕಿಕೊಂಡ ಹುಡುಗಿಯರು ಮೂಗಿಗೆ ಓಢಣಿ ಒತ್ತಿಕೊಂಡು, "ಲಗೇಜ್ ಡಬ್ಬೇ ಮೇ ಕ್ಯೋಂ ನಹೀ ಜಾತೇ ಯೇ ಲೋಗ್" ಎಂದು ಗೊಣಗುತ್ತ ಅತ್ತ ಸರಿದರು. ನಾನು ಇತ್ತ ಸರಿದೆ. ಸೀಟು ಸಿಕ್ಕಿದ್ದನ್ನೂ ಬಿಟ್ಟು ಆ ಬುಟ್ಟಿಯ ಪಕ್ಕ ಹೋಗಿ ನಿಂತೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದ, ಮಂಡಿನೋವಿನ ನನ್ನಂಥ ಹೆಂಗಸು ಒಣಮೀನಿನ ಬುಟ್ಟಿಯ ಮೇಲೆ ಬಾಗಿ ಉಸಿರೆಳೆದುಕೊಳ್ಳುವುದನ್ನು ನೋಡಿ ಆ ಹುಡುಗಿಯರು ಏನೆಂದುಕೊಂಡರೋ, ಎಂದುಕೊಳ್ಳಲಿ ಬಿಡಿ. ಉಪ್ಪು, ಬಿಸಿಲು, ಬಲೆಗೆ ಹಚ್ಚಿದ ಎಣ್ಣೆ, ಅದರ ಅಡಿಯಲ್ಲಿ ಸಣ್ಣಗೆ ಕೊಳೆತದ್ದೇನೋ. ನನ್ನ ಮಟ್ಟಿಗೆ ಅದು ಒಂದು ಊರಿನ ವಾಸನೆ. ನಿಮಗೂ ಅಂಥದೊಂದು ಊರು ಎಲ್ಲೋ ಇದ್ದೀತು. ನಾನೊಂದು ಮುಷ್ಟಿ ಸಿಗಡಿ ಕಟ್ಟಿಸಿಕೊಂಡು ಪರ್ಸಿನಲ್ಲಿ ಇಟ್ಟುಕೊಂಡೆ.

ಊರಿನ ಹೆಸರು ಉಂಬರಬಂದರ್. ಮೊಬೈಲಿನಲ್ಲಿ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಖಾಡಿಯ, ಎಂದರೆ ಸಮುದ್ರ ಒಳಗೆ ಚಾಚಿದ ಹಿನ್ನೀರಿನ, ಈ ದಡದಲ್ಲಿ ಒಂದು ಅತ್ತಿಮರ, ಅದರ ಬುಡದಿಂದ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಹಿಂದೆ ಮೀನು ಹಿಡಿಯುವ ಕೋಲಿ ಜನರ ಮನೆಗಳು. ಬಂದರು ಎಂದರೆ ಅಷ್ಟೇ. ಅತ್ತಿಮರಕ್ಕೆ ಮರಾಠಿಯಲ್ಲಿ ಉಂಬರ ಎನ್ನುವುದರಿಂದ ಆ ಹೆಸರು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಅಲ್ಲಿಂದ ಉಪ್ಪು ಹೋಗುತ್ತಿತ್ತಂತೆ, ನಮ್ಮ ಕಡೆಯಿಂದ ಮಂಗಳೂರು ಹೆಂಚು ಬರುತ್ತಿತ್ತಂತೆ. ಮಂಜಿ ಎಂಬ ದೊಡ್ಡ ಹಾಯಿದೋಣಿಗಳು ಉಡುಪಿ, ಮಂಗಳೂರಿನ ಅಳಿವೆಗಳಿಂದ ಹೊರಟು, ದಂಡೆಗುಂಟ ಬಂದು, ಭರತಿಯ ನೀರು ಏರುವುದನ್ನು ಕಾದು ಖಾಡಿಯೊಳಗೆ ನುಗ್ಗುತ್ತಿದ್ದವು. ಅಪ್ಪನ ಸೋದರಮಾವ ಅಂಥದೊಂದು ಮಂಜಿಯಲ್ಲಿ ಹೆಂಚಿನ ಜೊತೆ ಬಂದವನು, ಹೆಂಚು ಇಳಿಸಿ ತಾನೂ ಇಳಿದುಬಿಟ್ಟ. ಹೆಂಚು ಪೇರಿಸುತ್ತಿದ್ದ ಶೆಡ್ಡಿನ ಒಂದು ಮೂಲೆಯಲ್ಲಿ ಒಲೆ ಹೂಡಿ ಚಹಾ ಕಾಯಿಸಲು ಶುರುಮಾಡಿದ. ಲಾರಿಗಳು ಬಂದು ಮಂಜಿಗಳು ನಿಂತುಹೋದವು. ಶೆಡ್ಡಿಗೆ ಬೇರೆ ಕೆಲಸವಿಲ್ಲದೆ ಇಡೀ ಶೆಡ್ಡೇ ಹೋಟೆಲಾಯಿತು. ಮಾವನಿಗೆ ವಯಸ್ಸಾದ ಮೇಲೆ ಅಪ್ಪ ಊರಿನಿಂದ ಬಂದು ಅದನ್ನು ವಹಿಸಿಕೊಂಡರು. ನಮ್ಮೂರಿನ ಹೆಂಚು ಅಲ್ಲಿನ ಎಲ್ಲ ಮನೆಗಳ ಮೇಲೂ ಇತ್ತು. ಮಳೆಗಾಲದಲ್ಲಿ ಸೋರಿದರೆ ಕೋಲಿ ಹೆಂಗಸರು ಅಪ್ಪನನ್ನೇ ಬೈಯುತ್ತಿದ್ದರು, ಸುಟ್ಟವರು ಇವರೇ ಎಂಬಂತೆ.

ನಾವು ಮೊಗವೀರರು, ಮೀನು ತಿನ್ನುವವರು. ಆದರೆ ಹೋಟೆಲಿನಲ್ಲಿ ಮಾತ್ರ ಇಡ್ಲಿ, ಬನ್ಸ್, ಉಸಳ್, ಚಹಾ. ಮೀನು ಹಿಡಿಯುವವರಿಗೆ ಮೀನು ಮಾರುವ ಹುಚ್ಚು ಯಾರಿಗಿದೆ? ಅಲ್ಲಿ ಗೋಡೆಗೆ ಗಡಿಯಾರವೊಂದಿತ್ತು, ಅದನ್ನು ಯಾರೂ ನೋಡುತ್ತಿರಲಿಲ್ಲ. ದೋಣಿಗಳು ಇಳಿತದ ನೀರಿನ ಜೊತೆ ಹೊರಗೆ ಹೋಗುತ್ತಿದ್ದವು, ಉಬ್ಬರದ ನೀರಿನ ಜೊತೆ ಒಳಗೆ ಬರುತ್ತಿದ್ದವು. ನೀರಿನ ವೇಳೆ ದಿನದಿನಕ್ಕೂ ಮುಂದೆ ಸರಿಯುತ್ತದಲ್ಲ, ಅದರ ಜೊತೆ ನಮ್ಮ ಇಡ್ಲಿಯೂ ಸರಿಯುತ್ತಿತ್ತು. ಈ ವಾರ ಬೆಳಗಿನ ತಿಂಡಿ, ಮುಂದಿನ ವಾರ ಅದೇ ಇಡ್ಲಿ ಮಧ್ಯಾಹ್ನಕ್ಕೆ. ಪೇಟೆಯ ಶಾಲೆಯಲ್ಲಿ ಟೀಚರ್, "ನಿಮ್ಮ ಮನೆಯಲ್ಲಿ ಊಟ ಎಷ್ಟು ಗಂಟೆಗೆ?" ಎಂದು ಕೇಳಿದಾಗ ನಾನು, "ನೀರು ಬಂದಾಗ" ಎಂದು ಉತ್ತರಿಸಿದ್ದೆ. ನಮ್ಮ ಮನೆಗೆ ನಲ್ಲಿಯಿಲ್ಲವೆಂದು ತಿಳಿದು ಪಾಪ ಆಕೆ ಮರುಗಿದರು. ಅಪ್ಪನನ್ನು ಎಲ್ಲರೂ ಅಣ್ಣಾ ಎನ್ನುತ್ತಿದ್ದರು. ಅಮ್ಮ ಅಲ್ಲಿಗೆ ಬಂದು ವರ್ಷಗಳಾದರೂ ಹೋಟೆಲಿನೊಳಗೆ ಬರುತ್ತಿದ್ದುದು ಕಡಿಮೆ. ಹಿತ್ತಲಿನ ಕೋಣೆಯಲ್ಲಿ ಅಡುಗೆ, ಅರೆಯುವ ಕಲ್ಲು, ನಾನು. ಅವಳಿಗಿದ್ದ ಒಬ್ಬಳೇ ಗೆಳತಿ ಹಿರಾ ಮಾವಶಿ, ನನಗೆ ಚಿಕ್ಕಮ್ಮನ ಹಾಗೆ, ಪಕ್ಕದ ಮನೆಯ ದಾಮು ನಾಖವಾನ ಹೆಂಡತಿ. ದೋಣಿ ನಡೆಸುವವನಿಗೆ ನಾಖವಾ ಎಂದು ಹೆಸರು. ಒಬ್ಬಳದು ತುಳು, ಒಬ್ಬಳದು ಕೋಲಿ ಮರಾಠಿ. ಇಬ್ಬರೂ ಮೀನು ಹೆಚ್ಚುತ್ತ ಗಂಟೆಗಟ್ಟಲೆ ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು, ಆದರೆ ನಗು ಮಾತ್ರ ಇಬ್ಬರದೂ ಒಟ್ಟಿಗೇ ಬರುತ್ತಿತ್ತು.

ಆ ಊರಿನಲ್ಲೊಂದು ಕ್ರಮವಿತ್ತು. ದೋಣಿ ಬರುವ ನೀರು ಬಂದು ಹೋಗಿ, ದೋಣಿ ಮಾತ್ರ ಬರಲಿಲ್ಲವೆಂದರೆ, ಯಾರ ಮನೆಯಲ್ಲೂ ಒಲೆ ಹೊತ್ತಿಸುತ್ತಿರಲಿಲ್ಲ. ಇಡೀ ಕೋಲಿವಾಡಾದಲ್ಲಿ ನಮ್ಮ ಹೋಟೆಲಿನ ಭಟ್ಟಿಯೊಂದೇ ಉರಿಯಬೇಕು. ಕಾಯುವವರ ಹೊಟ್ಟೆಗೆ ಏನಾದರೂ ಬಿಸಿ ಬೀಳಬೇಕಲ್ಲ ಎಂದು ಅಪ್ಪನ ಮಾವ ಎಂದೋ ಮಾಡಿದ ರೂಢಿ ಅದು. ಹೆಂಚಿನ ಮೇಲಿನ ಕೊಳವೆಯಿಂದ ಹೊಗೆ ಹೋಗುತ್ತಿದ್ದರೆ, ಇನ್ನೂ ಕಾಯುತ್ತಿದ್ದೇವೆ ಎಂದರ್ಥ. ಕೆಟ್ಟ ಸುದ್ದಿ ಬಂದರೆ ಮಾತ್ರ ಭಟ್ಟಿಗೆ ನೀರು ಸುರಿಯುತ್ತಿದ್ದರು. ಆಗ ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಮ್ಮನ ತವರು ಕೂಡ ಸಮುದ್ರದ ಬದಿಯ ಊರೇ. ಅಲ್ಲಿಯೂ ಒಲೆ ಹೊತ್ತಿಸುವುದಿಲ್ಲ, ಆದರೆ ಅಲ್ಲಿ ಎಲ್ಲ ಬೆಂಕಿಯೂ ಆರಬೇಕು, ಅಂಗಡಿಯದು ಹೋಟೆಲಿನದು ಎಂಬ ಭೇದವಿಲ್ಲ. ಎಲ್ಲೋ ಬೆಂಕಿ ಉರಿಯುತ್ತಿದ್ದರೆ ಕಡಲಿಗೆ ನಮ್ಮ ಕಷ್ಟ ಗೊತ್ತಾಗುವುದಿಲ್ಲವಂತೆ. ಅಮ್ಮ ಬಂದ ಮೇಲೆ ಉಂಬರಬಂದರಿನಲ್ಲಿ ಯಾವ ದೋಣಿಯೂ ಹಾಗೆ ತಡಮಾಡಿರಲಿಲ್ಲ. ಅಪ್ಪ ಆ ಕ್ರಮದ ವಿಷಯ ಹೇಳಿರಲೇ ಇಲ್ಲ. ಗಂಡಸರು ಹೇಳಬೇಕಾದ್ದನ್ನು ಯಾವಾಗ ಹೇಳಿದ್ದಾರೆ?

ಮಳೆ ಹಿಂದಾಗಿ, ನಾರಳೀ ಪೂರ್ಣಿಮೆಯ ತೆಂಗಿನಕಾಯಿ ನೀರಿಗೆ ಬಿಟ್ಟು, ದೋಣಿಗಳು ಮತ್ತೆ ಇಳಿದ ದಿನಗಳು. ಗಾಳಿ ಇನ್ನೂ ಪೂರ್ತಿ ಅಡಗಿರಲಿಲ್ಲ. ಹಾಗೊಂದು ಬೆಳಿಗ್ಗೆ ಉಳಿದ ದೋಣಿಗಳೆಲ್ಲ ಬಂದವು, ದಾಮು ನಾಖವಾನ ದೋಣಿ ಬರಲಿಲ್ಲ. ಅಪ್ಪ ಉದ್ದು, ಅಕ್ಕಿ ತರಲು ಕಲ್ಯಾಣದ ಮಾರ್ಕೆಟಿಗೆ ಹೋಗಿಯಾಗಿತ್ತು. ಹೋಟೆಲಿನಲ್ಲಿ ಅಮ್ಮ ಮತ್ತು ನಾನು. ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹೊತ್ತಿಸದೇ ಇರುವುದು ಅಮ್ಮನ ಕಣ್ಣಿಗೆ ಬಿತ್ತು. ಅವಳಿಗೆ ಅಷ್ಟೇ ಸಾಕಾಯಿತು. "ಎಲ್ಲರ ಒಲೆ ತಣ್ಣಗಿರುವಾಗ ನಮ್ಮದೊಂದು ಧಗಧಗ ಉರಿಯುವುದಾ ಮಾರಾಯ್ತಿ! ಹಿರಾನ ಮುಖ ಹೇಗೆ ನೋಡುವುದು?" ಎಂದು, ಕುದಿಯುತ್ತಿದ್ದ ಚಹಾದ ಪಾತ್ರೆ ಕೆಳಗಿಳಿಸಿ, ಕೊಡಪಾನ ಎತ್ತಿ ಭಟ್ಟಿಗೆ ಸುರಿದಳು. ಬುಸ್ಸೆಂದು ಬಿಳಿ ಹಬೆ ಮೇಲೆದ್ದು ಹೆಂಚಿಗೆ ಬಡಿಯಿತು. ಕೊಳವೆಯಿಂದ ಒಂದು ದೊಡ್ಡ ಬಿಳಿ ಮುದ್ದೆ ಹೊರಬಿದ್ದು, ಆಮೇಲೆ ಏನೂ ಇಲ್ಲ. ಅಮ್ಮ ದೇವರ ಪಟಕ್ಕೆ ಕೈಮುಗಿದು ಕೂತಳು. ಮೆಟ್ಟಿಲ ಹತ್ತಿರ ಕಾಯುತ್ತಿದ್ದ ಹೆಂಗಸರ ಕಡೆಯಿಂದ ಒಂದು ಕೂಗು ಎದ್ದಿತು. ಮೊದಲು ಒಬ್ಬಳದು, ಆಮೇಲೆ ಎಲ್ಲರದು. ನಾವು ಓಡಿಹೋಗುವಷ್ಟರಲ್ಲಿ ಹಿರಾ ಮಾವಶಿ ಕೈಯನ್ನು ಅತ್ತಿಮರದ ಕಟ್ಟೆಗೆ ಬಡಿದು ಬಡಿದು ಬಳೆ ಒಡೆದುಕೊಂಡಾಗಿತ್ತು. ಹಸಿರು ಚೂರುಗಳು, ಮಣಿಕಟ್ಟಿನಲ್ಲಿ ರಕ್ತ. ಯಾರೋ ಮುದುಕಿ ಅಮ್ಮನ ರಟ್ಟೆ ಹಿಡಿದು, "ಸುದ್ದಿ ಯಾರು ತಂದರು? ಹೆಣ ಎಲ್ಲಿ ಸಿಕ್ಕಿತು?" ಎಂದು ಕೇಳಿದಾಗ ಅಮ್ಮನಿಗೆ ತಾನು ಮಾಡಿದ್ದೇನೆಂದು ಗೊತ್ತಾಯಿತು. "ನನಗೆ ಗೊತ್ತಿಲ್ಲ, ಯಾರೂ ಬರಲಿಲ್ಲ, ನಮ್ಮೂರಿನಲ್ಲಿ ಹೀಗೆ" ಎಂದು ತುಳುವಿನಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದಳು. ಅಲ್ಲಿ ತುಳು ಬರುತ್ತಿದ್ದುದು ನನಗೊಬ್ಬಳಿಗೆ. ನಾನು ಮರಾಠಿಯಲ್ಲಿ ಕಿರುಚಿದೆ, ಆ ಅಳುವಿನಲ್ಲಿ ಮಗುವಿನ ಮಾತು ಯಾರಿಗೆ ಬೇಕಿತ್ತು?

ಮಧ್ಯಾಹ್ನದ ಮೇಲೆ ನೀರು ತಿರುಗಿ ಏರುವಾಗ ದೋಣಿ ಬಂತು. ಗಾಳಿಗೆ ಸಿಕ್ಕಿ ಉರಣದ ಕಡೆ ಆಸರೆ ಪಡೆದಿದ್ದರಂತೆ. ಹಾಯಿ ಹರಿದಿತ್ತು, ಮನುಷ್ಯರು ಇಡಿಯಾಗಿದ್ದರು. ದಾಮು ನಾಖವಾ ಮೆಟ್ಟಿಲೇರಿ ಬಂದು ಹೆಂಡತಿಯ ಬರಿಗೈ ನೋಡಿ, "ಯಾರು ಸತ್ತರು?" ಎಂದು ಕೇಳಿದ. ಗಂಡ ಎದುರಿಗೆ ನಿಂತಿರುವಾಗ ಬಳೆ ಒಡೆದ ಕೈ ಎಂದರೆ ಅದಕ್ಕಿಂತ ಕೆಟ್ಟ ಶಕುನ ಆ ಜನಕ್ಕೆ ಬೇರೊಂದಿರಲಿಲ್ಲ. ಕೋಲಿ ಹೆಂಗಸರು ಎಡಗೈಗೆ ಮಾತ್ರ ಬಳೆ ತೊಡುತ್ತಾರೆ. ಬಲಗೈಯವನ್ನು ಮದುವೆಯ ಕಾಲಕ್ಕೇ ಸಮುದ್ರಕ್ಕೆ ಕೊಟ್ಟಿರುತ್ತಾರೆ, ಗಂಡನನ್ನು ಕಾಯಲಿ ಎಂದು. ಅಮ್ಮ ಹೋಟೆಲಿನಿಂದ ತೆಂಗಿನೆಣ್ಣೆ ತಂದು ಎಲ್ಲರ ಎದುರಿಗೆ ತನ್ನ ಬಲಗೈಯ ಬಳೆಗಳನ್ನೆಲ್ಲ ಒಂದೊಂದಾಗಿ ತೆಗೆದು, ಹಿರಾ ಮಾವಶಿಯ ಗಾಯದ ಎಡಗೈಗೆ ಏರಿಸಿದಳು. ಕೈ ದೊಡ್ಡದು, ಬಳೆ ಸಣ್ಣವು. ಎಣ್ಣೆ ಹಚ್ಚಿ, ಒತ್ತಿ, ಇಬ್ಬರೂ ಅಳುತ್ತ, ಅಂತೂ ಏರಿದವು. ಹಿರಾ ಮಾವಶಿ ಅಮ್ಮನ ಕೆನ್ನೆಗೆ ಒಂದು ಬಿಗಿದು, ಆಮೇಲೆ ಅಪ್ಪಿಕೊಂಡಳು. ಆ ಏಟು ಅಮ್ಮನಿಗೆ ಸಲ್ಲಬೇಕಾದದ್ದೇ ಎಂದು ಆಗ ನನಗನ್ನಿಸಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಸಂಜೆ ಬಂದ ಅಪ್ಪ ಎಲ್ಲ ಕೇಳಿ ಅಕ್ಕಿ ಮೂಟೆಯ ಮೇಲೆ ಕೂತು, "ತಪ್ಪು ನಿನ್ನದಲ್ಲ, ನಾನು ಹೇಳಬೇಕಿತ್ತು" ಎಂದರು. ಅಮ್ಮ ಆಮೇಲೆ ಬಲಗೈಗೆ ಬಳೆ ತೊಡಲೇ ಇಲ್ಲ. ಎಷ್ಟೋ ವರ್ಷಗಳ ನಂತರ ಅವಳು ಮುತ್ತೈದೆಯಾಗಿಯೇ ತೀರಿಕೊಂಡಾಗ, ಡೊಂಬಿವ್ಲಿಯಿಂದ ಬಂದ ನಮ್ಮ ಬಳಗದ ಹೆಂಗಸರು ಎರಡೂ ಕೈಗೆ ಹಸಿರು ಬಳೆ ಇಡಲು ಹೋದರು. ಮುದುಕಿಯಾಗಿದ್ದ ಹಿರಾ ಮಾವಶಿ ಬಲಗೈಯನ್ನು ತನ್ನ ಮಡಿಲಲ್ಲಿ ಹಿಡಿದು ಕೂತಳು, ಬಿಡಲಿಲ್ಲ.

ಊರು ಒಂದು ದಿನದಲ್ಲಿ ಹೋದದ್ದಲ್ಲ. ಖಾಡಿಯ ನೀರಿಗೆ ಮೊದಲು ಕಾರ್ಖಾನೆಯ ಬಣ್ಣ ಬಂತು, ಆಮೇಲೆ ಮೀನಿಗೆ ಸೀಮೆಎಣ್ಣೆಯ ರುಚಿ ಬಂತು, ಆಮೇಲೆ ಮೀನೇ ಬರಲಿಲ್ಲ. ಹೂಳು ತುಂಬಿ, ಮೆಟ್ಟಿಲ ಬುಡದಲ್ಲಿ ಕಾಂಡ್ಲಾ ಗಿಡ ಬೆಳೆದು, ನೀರು ದೂರಾಯಿತು. ಹೆಂಚು ಇಳಿದು ಸ್ಲ್ಯಾಬು ಏರಿತು. ಹುಡುಗರು ಕಂಪನಿಗಳ ಗೇಟಿನಲ್ಲಿ ಕೆಲಸ ಹಿಡಿದರು. ಯಾರನ್ನೂ ದೂರುವಂತಿಲ್ಲ, ಎಲ್ಲರಿಗೂ ನಲ್ಲಿ ಬೇಕು, ರಸ್ತೆ ಬೇಕು. ಕೊನೆಗೆ ರಸ್ತೆಗೆಂದು ನಮ್ಮ ಶೆಡ್ಡೂ ಹೋಗುವ ದಿನ ಬಂತು. ಅಪ್ಪ ಆ ದಿನ ಯಾವತ್ತಿನಂತೆ ಭಟ್ಟಿ ಹೊತ್ತಿಸಿದರು, ಇಡ್ಲಿ ಮುಗಿಯುವ ತನಕ ಇಡ್ಲಿ, ಹಾಲು ಮುಗಿಯುವ ತನಕ ಚಹಾ. ಆಮೇಲೆ ಭಟ್ಟಿ ಆರಿಸಬೇಕು. ಕೊಡಪಾನ ಅಲ್ಲೇ ತುಂಬಿಟ್ಟಿತ್ತು. ಅಪ್ಪ ಅದನ್ನು ನೋಡಿದರು, ಅಮ್ಮ ನೋಡಿದಳು, ಇಬ್ಬರೂ ಮುಟ್ಟಲಿಲ್ಲ. ಬಾಗಿಲಲ್ಲಿ ಕೂತಿದ್ದ ಹಿರಾ ಮಾವಶಿ, "ಪಾನಿ ನಕೊ ಓತೂಸ್, ಅಣ್ಣಾ" ಎಂದಳು. "ಇಲ್ಲ, ನೀರು ಹಾಕುವುದಿಲ್ಲ. ಅದರಷ್ಟಕ್ಕೆ ಆರಲಿ" ಎಂದರು ಅಪ್ಪ. ಇದ್ದಷ್ಟು ಜನ ಅತ್ತಿಮರದ ಕಟ್ಟೆಯ ಮೇಲೆ ಕೂತು ಕೊಳವೆ ನೋಡುತ್ತಿದ್ದೆವು. ಹೊಗೆ ತೆಳುವಾಯಿತು, ಒಂದು ಎಳೆಯಾಯಿತು, ಇದೆಯೋ ಇಲ್ಲವೋ ಎನ್ನುವಂತಾಯಿತು. ಆಗ ಹಿರಾ ಮಾವಶಿ ಅಮ್ಮನನ್ನು ಕೇಳಿದಳು: "ಕೋನ್ ಭಾಯೇರ್ ಹಾಯ್ ಕಾ?" ಹೊರಗೆ ಇನ್ನೂ ಯಾರಾದರೂ ಉಳಿದಿದ್ದಾರಾ? ಅಮ್ಮ ತನ್ನ ತುಳು ಎಳೆತದ ಮರಾಠಿಯಲ್ಲಿ, "ಸಗಲೇ ಆಯಲೇ" ಎಂದಳು. ಎಲ್ಲರೂ ಬಂದರು. ಆಮೇಲೆ ಎಲ್ಲರೂ ಎದ್ದು ಮನೆಗೆ ಹೋದರು.

ಅಪ್ಪ ಇಲ್ಲ, ಅಮ್ಮ ಇಲ್ಲ, ಹಿರಾ ಮಾವಶಿಯೂ ಹೋದಳು. ನಾನಿರುವುದು ಐರೋಲಿಯ ಒಂದು ಫ್ಲ್ಯಾಟಿನಲ್ಲಿ, ಅಡುಗೆಮನೆಯ ಕಿಟಕಿಯಿಂದ ಖಾಡಿಯೂ ಸೇತುವೆಯೂ ಕಾಣುತ್ತವೆ. ಸೇತುವೆಯ ಆಚೆ ಠಾಣೆಯ ಆಫೀಸಿನಿಂದ ಮಗಳು ಬರುವುದು ತಡವಾದರೆ ನಾನು ಚಹಾದ ನೀರಿಟ್ಟು ಗ್ಯಾಸನ್ನು ಸಿಮ್ಮಿನಲ್ಲಿ ಬಿಟ್ಟಿರುತ್ತೇನೆ. ನೀರು ಬತ್ತಿದರೆ ಮತ್ತೆ ಸುರಿಯುತ್ತೇನೆ. ವಿಜಯಪುರದ ಕಡೆಯವರಾದ ನಮ್ಮವರು ಇದ್ದಾಗ, "ಗ್ಯಾಸೇನ್ ನಿಮ್ಮಪ್ಪನ ಹೋಟೆಲಿಂದ ಬರ್ತದೇನ?" ಎಂದು ರೇಗಿಸುತ್ತಿದ್ದರು. ಒಣಸಿಗಡಿ ತಂದ ಆ ಸಂಜೆಯೂ ಮಗಳು ಫೋನು ಮಾಡಿ, "ಮಾಜಿವಾಡಾ ಮೇ ಫಸೀ ಹೂಂ ಮಮ್ಮಿ, ಫುಲ್ ಟ್ರಾಫಿಕ್" ಎಂದಳು. ನಾನು ನೀರಿಟ್ಟು ಕಿಟಕಿಯ ಹತ್ತಿರ ನಿಂತೆ. ಬಾಗಿಲು ತೆರೆದು ಅವಳು ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆ ಗ್ಯಾಸಿನ ಗುಬುಟು ತಿರುಗಿಸಿದೆ. ಎಷ್ಟೋ ವರ್ಷಗಳಿಂದ ಬಾಯಿಗೆ ಬರದಿದ್ದ ಮಾತು ತಾನಾಗಿ ಬಂತು: "ಸಗಲೇ ಆಯಲೇ." ಮಗಳಿಗೆ ಕನ್ನಡಕ್ಕಿಂತ ಮರಾಠಿಯೇ ಚೆನ್ನಾಗಿ ಬರುತ್ತದೆ. ಅವಳು ಬ್ಯಾಗು ಸೋಫಾದ ಮೇಲೆ ಎಸೆದು ಹಿಂದೆ ತಿರುಗಿ ಬಾಗಿಲ ಕಡೆ ನೋಡಿದಳು.

"ಸಗಳೆ ಕೌನ್, ಮಮ್ಮಿ? ಮೈ ಅಕೇಲೀ ತೋ ಆಯೀ ಹೂಂ." ಎಲ್ಲರೂ ಎಂದರೆ ಯಾರು, ಬಂದದ್ದು ನಾನೊಬ್ಬಳೇ ತಾನೆ?

ನಾನು ಎರಡು ಲೋಟ ತೆಗೆದು ಚಹಾ ಸೋಸಿದೆ.